ಗಿಟಾರು: ಸರ್ ಮುಂದೆ ನಾನು, ಫೋನ್ ಮುಂದೆ ಅಕ್ಕನ ಮಗ

ಏಪ್ರಿಲ್

ಈ ವರ್ಷ ನಮ್ಮ ಮನೆಯಲ್ಲಿ ಎರಡು ಗಿಟಾರು. ಒಂದು ನನ್ನದು, ಇನ್ನೊಂದು ನಮ್ಮಲ್ಲೇ ಇದ್ದು ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನದು. ನಾನು ವಾರಕ್ಕೊಮ್ಮೆ ಆಫೀಸು ಬಿಟ್ಟಮೇಲೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಕ್ಲಾಸಿಗೆ ಹೋಗಿ, ಒಂದು ತಾಸು ಕಲಿತು, ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಬರುತ್ತೇನೆ. ಅವನು ಕ್ಲಾಸು ಬೇಡವೇ ಬೇಡ ಅಂದ. “ಎಲ್ಲಾ ಫೋನಿನ್ಯಾಗ ಐತಿ ಮಾಮಾ. ರೊಕ್ಕ ಕೊಟ್ಟು ಯಾಕ ಹೋಗಬೇಕು?”

ಅವನ ಮಾತಿನಲ್ಲಿ ಹುರುಳಿದೆ. ತಂತಿ ಏರಿಸುವುದು, ಶ್ರುತಿ ಮಾಡುವುದು, ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಚಿತ್ರ, ಬಲಗೈ ಓಡಿಸುವ ರೀತಿ ಎಲ್ಲವೂ ಪುಕ್ಕಟೆ ಸಿಗುತ್ತದೆ. ಒಬ್ಬರು ಹೇಳಿದ್ದು ತಿಳಿಯದಿದ್ದರೆ ಇನ್ನೊಬ್ಬರ ವಿಡಿಯೊ. ಸರ್ ಹತ್ತಿರ ಒಂದನ್ನೇ ಮೂರು ಸಲ ಕೇಳಲು ನಮಗೆ ಸಂಕೋಚವಾಗುತ್ತದೆ, ಫೋನಿನ ಮುಂದೆ ಆ ಸಂಕೋಚವಿಲ್ಲ.

ಇಬ್ಬರ ಗುರಿಯೂ ಒಂದೇ. ಅವ್ವ ಓಣಿಯ ಹೆಣ್ಣುಮಕ್ಕಳ ಜೊತೆ ಭಜನೆ ಹಾಡುತ್ತಾಳೆ. ತತ್ವಪದ, ವಚನ, ದೇವಿಯ ಪದ. ನವರಾತ್ರಿಯ ಹೊತ್ತಿಗೆ ಆ ಭಜನೆಯಲ್ಲಿ ಕೂತು ನುಡಿಸುವಂತಾಗಬೇಕು. ಯಾರ ದಾರಿ ಎಲ್ಲಿ ಮುಟ್ಟಿಸುತ್ತದೆ, ಎಲ್ಲಿ ನಿಂತುಬಿಡುತ್ತದೆ ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ಮೇ

ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಅವನೇ ಮುಂದೆ. ಎ, ಡಿ, ಇ, ಜಿ, ಸಿ, ಜೊತೆಗೆ ಮೂರು ಮೈನರ್ ಕಾರ್ಡ್‌ಗಳು ಅವನ ಕೈಗೆ ಬಂದಿವೆ. ನಾನು ಇನ್ನೂ ಎರಡು ಕಾರ್ಡ್‌ಗಳ ನಡುವೆ ಓಡಾಡುತ್ತಿದ್ದೇನೆ. ಸರ್ ನನ್ನನ್ನು ಮುಂದೆ ಹೋಗಲು ಬಿಡುವುದಿಲ್ಲ. ಎ ಮೈನರ್‌ನಿಂದ ಇ ಮೈನರ್‌ಗೆ ಹೋಗುವಾಗ ಯಾವ ಬೆರಳು ಮೊದಲು ಏಳುತ್ತದೆ ಎಂದು ನೋಡುತ್ತಾರೆ, ಮತ್ತೆ ಮಾಡಿಸುತ್ತಾರೆ.

ಶ್ರುತಿಯದೂ ಹಾಗೆಯೇ. ಅಕ್ಕನ ಮಗ ಆ್ಯಪ್ ಇಟ್ಟುಕೊಂಡು, ಮುಳ್ಳು ನಡುವೆ ಬಂದ ಕೂಡಲೇ ಮುಗಿಸುತ್ತಾನೆ. ಸರ್ ಆ್ಯಪ್‌ನಿಂದ ಐದನೇ ತಂತಿಯೊಂದನ್ನೇ ಕೂಡಿಸಲು ಬಿಡುತ್ತಾರೆ. ಅದು ಎ ಸ್ವರ, 110 ಹರ್ಟ್ಜ್. ಉಳಿದದ್ದೆಲ್ಲ ಕಿವಿಯಿಂದ. ತೀರ ದಪ್ಪನೆಯ ಆರನೇ ತಂತಿಯನ್ನು ಐದನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದರೆ ಬರುವ ಸ್ವರ, ಪಕ್ಕದ ಖಾಲಿ ತಂತಿಯ ಸ್ವರ ಎರಡೂ ಒಂದಾಗಬೇಕು. ಹೀಗೆ ಒಂದೊಂದಾಗಿ ಕೆಳಗಿಳಿಯಬೇಕು. ಮೂರನೇ ತಂತಿಯಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ನಾಲ್ಕನೇ ಫ್ರೆಟ್. ಎರಡು ತಂತಿಗಳು ಇನ್ನೂ ಕೂಡದಿದ್ದಾಗ ದನಿ ಅಲೆಅಲೆಯಾಗಿ ನಡುಗುತ್ತದೆ. ಖೂಂಟಿ ತಿರುವುತ್ತಾ ಹೋದಂತೆ ಅಲೆ ನಿಧಾನವಾಗಿ, ಆಮೇಲೆ ಪೂರ್ತಿ ನಿಲ್ಲುತ್ತದೆ. ಆ ನಿಲ್ಲುವುದನ್ನು ಕೇಳುವುದಕ್ಕೇ ನನಗೆ ಈ ತಿಂಗಳು ಸಾರ್ಥಕ ಅನ್ನಿಸಿತು. ತಂಬೂರಿ ಕೂಡಿಸುವವರಿಗೆ ಇದು ಗೊತ್ತಿರುವ ವಿಷಯವೇ.

ಜೂನ್

ಮಳೆ ಶುರು. ಧಾರವಾಡದ ಮಳೆಗಾಲದಲ್ಲಿ ಕಟ್ಟಿಗೆ ತೇವ ಕುಡಿಯುತ್ತದೆ, ಗಿಟಾರಿನ ಹೊಟ್ಟೆ ತುಸು ಉಬ್ಬಿ ತಂತಿ ಮೇಲೇಳುತ್ತದೆ. ಬೆರಳಿಗೆ ಒತ್ತುವ ಕಷ್ಟ ಹೆಚ್ಚು. ಸ್ಟೀಲ್ ತಂತಿಗೆ ಬೇಗ ತುಕ್ಕೂ ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುತ್ತಿದ್ದೇವೆ.

ಜುಲೈ

ಎಫ್ ಕಾರ್ಡ್ ಬಂತು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಭಾಳ ಜನ ಗಿಟಾರು ಬಿಟ್ಟು ಮೂಲೆಗಿಡುವುದು ಇಲ್ಲಿಯೇ.

ತೋರುಬೆರಳನ್ನು ಅಡ್ಡ ಮಲಗಿಸಿ ಮೊದಲನೇ ಫ್ರೆಟ್‌ನಲ್ಲಿ ಆರೂ ತಂತಿ ಒತ್ತಬೇಕು, ಉಳಿದ ಮೂರು ಬೆರಳು ತಮ್ಮ ತಮ್ಮ ಜಾಗದಲ್ಲಿ ಕೂರಬೇಕು. ಅಕ್ಕನ ಮಗ ವಿಡಿಯೊ ಮೇಲೆ ವಿಡಿಯೊ ನೋಡಿದ. ಎಲ್ಲರೂ ಹೇಳುವುದು ಒಂದೇ: ರೂಢಿಯಾದರೆ ಬರುತ್ತದೆ. ಅವನು ರಾತ್ರಿ ಊಟ ಆದಮೇಲೆ ಕೂತು ಒತ್ತಿದ. ಬೆರಳಿನ ಮೇಲೆ ತಂತಿಯ ಗೆರೆಗಳು ಕೆಂಪಗೆ ಮೂಡಿದವು. ದನಿ ಮಾತ್ರ ಠಪ್ ಠಪ್. ಹುಡುಗ ಸೋಲುವವನಲ್ಲ. ಆದರೂ ಕೊನೆಗೆ ಅವನ ಮುಖ ನೋಡಿ ನನಗೇ ಕಸಿವಿಸಿಯಾಯಿತು. “ಒಮ್ಮೆ ಬಾ, ಸರ್‌ಗೆ ತೋರಿಸೂಣು” ಎಂದು ಕರೆದುಕೊಂಡು ಹೋದೆ.

ಸರ್ ಅವನಿಗೆ ಏನೂ ಹೇಳಲಿಲ್ಲ. “ನುಡಸಪಾ” ಅಂದು ಎದುರಿಗೆ ಕೂತು ಸುಮ್ಮನೆ ನೋಡಿದರು. ಆಮೇಲೆ ಅವನ ಮೊಳಕೈ ಹಿಡಿದು ಪಕ್ಕೆಯ ಕಡೆ ಎಳೆದರು. ಮೊಳಕೈ ಒಳಗೆ ಬಂದ ಕೂಡಲೇ ತೋರುಬೆರಳು ತಾನಾಗಿ ತುಸು ಹೊರಳಿ, ಮೆತ್ತನೆಯ ಭಾಗದ ಬದಲು ಎಲುಬಿರುವ ಅಂಚು ತಂತಿಗೆ ತಾಗಿತು. ಮೆತ್ತನೆಯ ಕಡೆ ಗೆಣ್ಣಿನ ಸಂದಿಯಲ್ಲಿ ತಂತಿ ಅಡಗಿಬಿಡುತ್ತದೆ, ಅಂಚಿನಲ್ಲಿ ಹಾಗೆ ಅಡಗಲು ಜಾಗವಿಲ್ಲ. ಮುಂದೆ ಸರ್ ಅದೇ ಹಿಡಿತವನ್ನು ಐದನೇ ಫ್ರೆಟ್‌ಗೆ ಒಯ್ದು ಇಡು ಅಂದರು. ಅಲ್ಲಿ ಆರೂ ತಂತಿ ನುಡಿದವು. ಮೊದಲನೇ ಫ್ರೆಟ್ ತಂತಿಯ ಕೊನೆಗೆ ತೀರ ಹತ್ತಿರ, ಅಲ್ಲಿ ತಂತಿ ಬಗ್ಗುವುದೇ ಇಲ್ಲ. ಮೇಲೆ ಹೋದಂತೆ ಮಣಿಯುತ್ತದೆ. ಅಂದರೆ ಕಲಿಯುವುದು ಐದರಲ್ಲಿ, ಬಲ ಕೂಡಿದಂತೆ ಒಂದೊಂದೇ ಫ್ರೆಟ್ ಕೆಳಗಿಳಿಯುವುದು.

ಅಷ್ಟಕ್ಕೆ ಮುಗಿಯಲಿಲ್ಲ. ಸರ್ ಅವನ ಗಿಟಾರು ಈಸಿಕೊಂಡು, ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲನೇ ಫ್ರೆಟ್‌ನ ಮೇಲೆ ಬೆರಳಿನಿಂದ ತಟ್ಟಿದರು. ಹಾಗೆ ಒತ್ತಿದಾಗ ಅಲ್ಲಿ ಕೂದಲೆಳೆಯಷ್ಟು ಸಂದು ಇದ್ದರೆ ಸರಿ. ಇವನದರಲ್ಲಿ ಕಣ್ಣಿಗೇ ಕಾಣುವಷ್ಟಿತ್ತು. ತಲೆಯ ಬುಡದಲ್ಲಿ ತಂತಿ ಕೂರುವ ಬಿಳಿ ಪಟ್ಟಿ ಇರುತ್ತದಲ್ಲ, ನಟ್ ಅನ್ನುತ್ತಾರೆ, ಅದರ ಗೀರುಗಳು ಆಳವಾಗಿರಲಿಲ್ಲ. ಕಡಿಮೆ ಬೆಲೆಯ ಹೊಸ ಗಿಟಾರುಗಳಲ್ಲಿ ಇದು ಸಾಮಾನ್ಯವಂತೆ. ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರು ಸಣ್ಣ ಅರ ಹಿಡಿದು ಆ ಗೀರುಗಳನ್ನು ಸಾವಕಾಶ ತಿಕ್ಕಿಕೊಟ್ಟರು. ತಂತಿಯನ್ನೂ ಒಂದು ನಮೂನೆ ತೆಳುವಾದದ್ದಕ್ಕೆ ಬದಲಿಸಿದೆವು.

ಆ ವಾರದ ಕೊನೆಗೆ ಎಫ್ ನುಡಿಯಿತು.

ಇಲ್ಲಿ ನನಗೆ ಒಂದು ಮಾತು ಖಚಿತವಾಯಿತು. ಸರ್ ಹೇಳಿದ ಯಾವ ವಿಷಯವೂ ಗುಟ್ಟಿನದಲ್ಲ. ಹುಡುಕಿದರೆ ಫೋನಿನಲ್ಲಿಯೂ ಸಿಗುತ್ತದೆ. ಆದರೆ ತನ್ನ ತೊಂದರೆ ಮೊಳಕೈಯಲ್ಲಿದೆ, ನಟ್‌ನಲ್ಲಿದೆ ಎಂದು ಗೊತ್ತಿಲ್ಲದವನು ಏನಂತ ಹುಡುಕಬೇಕು? ಫೋನು ತೋರಿಸುತ್ತದೆ, ಹೇಳುತ್ತದೆ. ನಮ್ಮನ್ನು ನೋಡುವುದಿಲ್ಲ. ಫೀ ಕೊಡುವುದಿದ್ದರೆ ನೋಡುವುದಕ್ಕೆ ಮತ್ತು ಕೇಳುವುದಕ್ಕೆ ಕೊಡಬೇಕು. ಬೋರ್ಡಿನ ಮೇಲೆ ಕಾರ್ಡಿನ ಚಿತ್ರ ಬರೆದು, ಎಲ್ಲರೂ ಒಟ್ಟಿಗೆ ಬಾರಿಸಿ ಎಂದು ಬಿಟ್ಟು, ಯಾರ ಕೈಯನ್ನೂ ನೋಡದ ಕ್ಲಾಸಿಗೆ ಹೋಗುವುದಕ್ಕಿಂತ ಮನೆಯಲ್ಲಿ ಫೋನೇ ವಾಸಿ. ಸೇರುವ ಮುಂಚೆ ಒಂದು ದಿನ ಹೋಗಿ ಕೂತು, ಸರ್ ಎಷ್ಟು ಹೊತ್ತು ಸುಮ್ಮನೆ ಕೇಳುತ್ತಾರೆ ಎನ್ನುವುದನ್ನು ಗಮನಿಸಬೇಕು.

ಆಗಸ್ಟ್, ಶ್ರಾವಣ

ಈಗ ಅವನ ಪಾಳಿ.

ನನ್ನ ಕ್ಲಾಸಿನ ಪುಸ್ತಕದಲ್ಲಿರುವುದೆಲ್ಲ ಪರೀಕ್ಷೆಗೆ ಜೋಡಿಸಿದ ಇಂಗ್ಲಿಷ್ ಪಾಠಗಳು. ಬೆರಳಿಗೆ ಒಳ್ಳೆಯವು. ಅವ್ವನ ತತ್ವಪದಕ್ಕೆ ಯಾರು ಕಾರ್ಡ್ ಬರೆದಿಟ್ಟಿರುತ್ತಾರೆ? ಸಿನಿಮಾ ಹಾಡಾದರೆ ಹೇಗೋ ಸಿಕ್ಕೀತು, ನಮ್ಮ ಓಣಿಯಲ್ಲಿ ಹಾಡುವ ಮಟ್ಟು ಎಲ್ಲೂ ಇಲ್ಲ. ಕಿವಿಯಿಂದಲೇ ಹಿಡಿಯಬೇಕು. ಪುಸ್ತಕ ನೋಡಿ ನುಡಿಸುವ ನನಗೆ ಅದು ದೂರ. ಮೊದಲಿನಿಂದ ಒಬ್ಬನೇ ತಡಕಾಡಿದ ಅಕ್ಕನ ಮಗನಿಗೆ ಅದು ಕರಗತವಾಗಿದೆ.

ಒಂದು ಸಂಜೆ ಅವ್ವ ಪಡಸಾಲೆಯಲ್ಲಿ ಹೂಬತ್ತಿ ಮಾಡುತ್ತಾ ಹಾಡಿಕೊಳ್ಳುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಒಂದೇ ತಂತಿಯ ಮೇಲೆ ಮೇಲೆ ಕೆಳಗೆ ಜಾರುತ್ತಾ ಅವಳ ಸ ಹುಡುಕಿದ. “ಆಯಿ, ಮೊದಲನೇ ಸಾಲು ಇನ್ನೊಮ್ಮೆ ಹಾಡ.” ಅವಳು ಹಾಡಿದಳು. ಐದನೇ ತಂತಿಯ ಮೊದಲನೇ ಫ್ರೆಟ್‌ಗೆ ಬಂದು ನಿಂತ. ಹಾರ್ಮೋನಿಯಂನವರ ಲೆಕ್ಕದಲ್ಲಿ ಕರಿ ಐದು, ಅಂದರೆ ಐದನೇ ಕರಿ ಮನೆ. ಹಾಗಾದರೆ ಮೊದಲನೇ ಫ್ರೆಟ್‌ಗೆ ಕ್ಯಾಪೊ (ಆರೂ ತಂತಿಯನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರೆ ಸಾಕು: ಐದನೇ ಖಾಲಿ ತಂತಿಯೇ ಸ ಆಗುತ್ತದೆ, ದಪ್ಪನೆಯ ಆರನೆಯದೂ ತೀರ ತೆಳುವಾದ ಮೊದಲನೆಯದೂ ಪ ಆಗುತ್ತವೆ. ಕೈ ಮುಟ್ಟದೆ ತಂಬೂರಿಯ ಸ-ಪ ಸಿಕ್ಕಿತು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನ ಇನ್ನೊಂದು ಶೋಧ ಇನ್ನೂ ಚಲೋ. ಆ ಪದ ಕಾಫಿ ರಾಗದ ನೆರಳಿನದು, ಗ ಮತ್ತು ನಿ ಕೋಮಲ, ಅಂದರೆ ತುಸು ಇಳಿಸಿದ ಸ್ವರಗಳು. ಎ ಮೈನರ್ ಹಿಡಿದರೆ ಕಾರ್ಡಿನಲ್ಲೇ ಕೋಮಲ ಗ ಇರುವುದರಿಂದ ಲೆಕ್ಕಕ್ಕೆ ಸರಿ. ಆದರೆ ಅವ್ವ ಗಾಂಧಾರವನ್ನು ನೆಟ್ಟಗೆ ಮುಟ್ಟುವುದಿಲ್ಲ, ಮಧ್ಯಮದಿಂದ ಜಾರಿ ಬಂದು ತಾಗಿ ಬಿಡುತ್ತಾಳೆ. ಗಿಟಾರು ಅಲ್ಲೇ ಗಟ್ಟಿಯಾಗಿ ಗ ಬಾರಿಸುತ್ತಾ ಕೂತರೆ ಅವಳ ಜಾರು ಮುಚ್ಚಿಹೋಗುತ್ತದೆ. ಅವನು ಎರಡನೇ ತಂತಿಯ ಮೇಲಿನ ಬೆರಳನ್ನು ಎತ್ತಿಬಿಟ್ಟ. ಗ ಹೋಯಿತು, ಸ, ರಿ, ಪ ಉಳಿದವು. ಗಾಂಧಾರದ ಜಾಗ ಹಾಡುವವಳಿಗೆ ಖಾಲಿ ಬಿಟ್ಟಂತಾಯಿತು. ಪುಸ್ತಕದಲ್ಲಿ ಈ ಕಾರ್ಡ್‌ಗೆ ಎ ಸಸ್ ಟು ಅಂತ ಹೆಸರಿದೆ ಎಂದು ಮುಂದಿನ ಕ್ಲಾಸಿನಲ್ಲಿ ತಿಳಿಯಿತು. ಸರ್‌ಗೆ ಹೇಳಿದಾಗ ಅವರು ಎದ್ದು ಕೂತು, “ಇನ್ನೊಮ್ಮೆ ಹೇಳ್ರಿ, ಯಾವ ಬೆರಳು ಎತ್ತಿದಾ?” ಎಂದು ಕೇಳಿ ತಾವೇ ನುಡಿಸಿ ನೋಡಿದರು. ಅಂದಿನಿಂದ ನನಗೂ ಹೊಸ ಕೆಲಸ ಕೊಟ್ಟಿದ್ದಾರೆ: ಪುಸ್ತಕ ಮುಚ್ಚಿ, ವಾರಕ್ಕೊಂದು ಕನ್ನಡ ಪದದ ಮೊದಲ ಸಾಲನ್ನು ಕಿವಿಯಿಂದ ಹುಡುಕಿಕೊಂಡು ಬರಬೇಕು.

ಸೆಪ್ಟೆಂಬರ್

ನಾನು ಕ್ಲಾಸಿಗೆ ಹೋಗುತ್ತೇನೆ ಅಂದಾಗ ಓಣಿಯ ಹಿರಿಯರೊಬ್ಬರು ಭಾಳ ಸಂತೋಷಪಟ್ಟಿದ್ದರು. ಗುರು ಇಲ್ಲದೆ ವಿದ್ಯೆ ಎಲ್ಲಿಯದು ಎಂದು ಅವರ ನಂಬಿಕೆ. ಈ ಊರಿನಲ್ಲಿ ಅದು ಬರಿಯ ಮಾತಲ್ಲ. ಗದುಗಿನ ಕಡೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು, ಊರೂರು ಅಲೆದು 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿ ನಿಂತರು. ಗಂಗೂಬಾಯಿ ಹಾನಗಲ್ಲರು ಅದೇ ಗುರುಗಳಿಗಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ತಂತಿವಾದ್ಯಕ್ಕೂ ಇಲ್ಲಿ ದೊಡ್ಡ ಮನೆತನವಿದೆ, ಸಿತಾರ್ ರತ್ನ ರಹಿಮತ್ ಖಾನರದು.

ಅವರೆಲ್ಲರ ಮೇಲೆ ನನಗಿರುವ ಗೌರವದಿಂದಲೇ ಹೇಳುತ್ತೇನೆ: ವಾರಕ್ಕೆ ಒಂದು ತಾಸಿನ ಗಿಟಾರ್ ಕ್ಲಾಸನ್ನು ಆ ಕಲಿಕೆಗೆ ಹೋಲಿಸಬಾರದು. ಅಲ್ಲಿ ಶಿಷ್ಯನ ದನಿ ಗುರುವಿನ ಕಿವಿಯ ಮೇಲೆ ಮತ್ತೆ ಮತ್ತೆ ಬೀಳುತ್ತಿತ್ತು. ನನ್ನ ಸರ್ ನನ್ನನ್ನು ಒಂದು ತಾಸು ಕೇಳುತ್ತಾರೆ, ಉಳಿದ ವಾರವೆಲ್ಲ ನಾನೂ ಒಬ್ಬನೇ ಕಲಿಯುವವನೇ. ಕ್ಲಾಸಿಗೆ ಹೋಗುವವನು, ಸ್ವಂತ ಕಲಿಯುವವನು ಅಂತ ಎರಡು ಜಾತಿ ಮಾಡುವುದರಲ್ಲಿ ಅರ್ಥವಿಲ್ಲ. ಆ ಒಂದು ತಾಸಿಗೆ ಏನನ್ನು ಒಯ್ಯುತ್ತೇವೆ ಅನ್ನುವುದು ಮುಖ್ಯ. ಈಗ ನಾನು ಮನೆಯಲ್ಲಿ ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಎಲ್ಲಿ ತಡೆಯುತ್ತದೆಯೋ ಆ ತುಂಡನ್ನು ಮಾತ್ರ ಸರ್‌ಗೆ ಕೇಳಿಸುತ್ತೇನೆ. ತಾಸಿನ ಕೆಲಸ ಕಾಲು ತಾಸಿನಲ್ಲಿ ಆಗುತ್ತದೆ.

ತಾಳದ್ದೊಂದು ಉಳಿದಿತ್ತು. ಅಕ್ಕನ ಮಗ ಒಬ್ಬನೇ ನುಡಿಸುವಾಗ ಸೊಗಸಾಗಿರುತ್ತದೆ, ಭಜನೆಯಲ್ಲಿ ಕೂತರೆ ಮುಂದೆ ಓಡುತ್ತಾನೆ. ಒಬ್ಬನೇ ಕಲಿಯುವವರಿಗೆ ಕಾಯುವ ಪ್ರಸಂಗವೇ ಬರುವುದಿಲ್ಲವಲ್ಲ. ಸರ್ ಹೇಳಿಕೊಟ್ಟ ಸಾಧನೆಯನ್ನು ನಾನು ಅವನಿಗೆ ಮಾಡಿಸಿದೆ: ಎಡಗೈಯನ್ನು ಆರೂ ತಂತಿಗಳ ಮೇಲೆ ಹಗುರವಾಗಿಟ್ಟು ಸ್ವರ ಬರದಂತೆ ಮಾಡುವುದು, ಬಲಗೈಯಲ್ಲಿ ಬರಿಯ ಪೆಟ್ಟು. ದಾದ್ರಾ ತಾಳದ ಆರು ಮಾತ್ರೆ, ಒಂದಕ್ಕೆ ದಪ್ಪ ತಂತಿಯ ಭಾರ, ನಾಲ್ಕಕ್ಕೆ ಹಗುರ. ಎದುರಿಗೆ ಅವ್ವ ತಾಳ ಹಿಡಿದು ಕೂತಳು. ಅವಳು ಬೇಕೆಂದೇ ಲಯ ತಗ್ಗಿಸುತ್ತಿದ್ದಳು, ಏರಿಸುತ್ತಿದ್ದಳು; ಇವನು ಅವಳ ಕೈ ನೋಡುತ್ತಾ ಹಿಂಬಾಲಿಸಬೇಕು. ಟಿಕ್ ಟಿಕ್ ಎಂದು ಲಯ ಕೊಡುವ ಮೆಟ್ರೊನೋಮ್‌ಗಿಂತ ಇದು ಹೆಚ್ಚು ಕೆಲಸ ಮಾಡಿತು.

ಅಕ್ಟೋಬರ್, ನವರಾತ್ರಿ

ಕೂತೆವು. ನಾನು ಕ್ಯಾಪೊ ಹಾಕಿ ಸ-ಪ ಹಿಡಿದು ದಾದ್ರಾ ನಡೆಸಿದೆ, ಅವನು ಸಾಲುಗಳ ನಡುವಿನ ಬಿಡುವಿನಲ್ಲಿ ಮಟ್ಟನ್ನು ಎತ್ತಿ ನುಡಿಸಿದ. ಮೂರು ಪದಗಳಿಗೆ ಪೂರ್ತಿ ಜೊತೆ ಕೊಟ್ಟೆವು. ಕೆಹರವಾ ತಾಳದ ಒಂದು ಪದದಲ್ಲಿ ಹಾಡುವವರು ಎರಡನೇ ನುಡಿಗೆ ಶ್ರುತಿ ಏರಿಸಿದರು, ಆಗ ಇಬ್ಬರೂ ನುಡಿಸುವುದು ನಿಲ್ಲಿಸಿ ಚಪ್ಪಾಳೆ ಹಾಕಿದೆವು. ಅವ್ವನ ಗೆಳತಿಯೊಬ್ಬರು, “ಪೆಟ್ಟಿಗಿಂತ ಇದು ತಣ್ಣಗ ಕೇಳಸತೈತಿ” ಅಂದರು. ಪೆಟ್ಟಿ ಅಂದರೆ ಹಾರ್ಮೋನಿಯಂ. ಅದನ್ನು ನುಡಿಸುವವರೂ ಅಲ್ಲೇ ಇದ್ದರು, ಅವರಿಗೆ ಬೇಸರವಾಗದಿರಲಿ ಎಂದು ನನಗೆ ಚಿಂತೆಯಾಯಿತು. ಅವರು ನಗುತ್ತಾ ಮುಂದಿನ ಪದಕ್ಕೆ ನಮಗೆ ಸ ಕೊಟ್ಟರು.

ನವೆಂಬರ್, ದೀಪಾವಳಿ ಆದಮೇಲೆ

ಮುಂದಿನ ವ್ಯವಸ್ಥೆ ಹೀಗೆ. ನಾನು ಕ್ಲಾಸನ್ನು ಹದಿನೈದು ದಿನಕ್ಕೊಮ್ಮೆಗೆ ಇಳಿಸಿದ್ದೇನೆ, ಸರ್ ಒಪ್ಪಿದ್ದಾರೆ. ಅಕ್ಕನ ಮಗ ತಿಂಗಳಿಗೊಮ್ಮೆ ಬರುತ್ತಾನೆ, ಪಾಠಕ್ಕಲ್ಲ, ಕೈ ತೋರಿಸಲು. ಹೊಸದಾಗಿ ಶುರು ಮಾಡುವವರು ಕೇಳಿದರೆ ನನ್ನ ಸಲಹೆ ಇದು: ಮೊದಲ ಎರಡು ಮೂರು ತಿಂಗಳು ತಪ್ಪದೆ ಸರ್ ಮುಂದೆ ಕೂರಿ, ಕೈ ಕೂರುವುದು ಆವಾಗಲೇ. ಆಮೇಲೆ ಅಂತರ ಹೆಚ್ಚಿಸಿ, ಮನೆಯಲ್ಲಿ ಕಿವಿಯಿಂದ ಹುಡುಕುವುದನ್ನು ಮಾತ್ರ ಮೊದಲ ದಿನದಿಂದಲೇ ಮಾಡಿ.

ಈ ತಿಂಗಳ ಕೆಲಸ ಕೆಹರವಾ ತಾಳದ ಆ ಪದ. ಶ್ರುತಿ ಎಲ್ಲಿಂದ ಎಲ್ಲಿಗೆ ಏರಿತು ಎಂದು ಅವನು ರೆಕಾರ್ಡಿಂಗ್ ಕೇಳಿ ಹುಡುಕಿದ್ದಾನೆ: ಕರಿ ಐದರಿಂದ ಮೇಲಿನ ಬಿಳಿ ಒಂದಕ್ಕೆ, ಎರಡು ಫ್ರೆಟ್. ಹಾಡಿನ ನಡುವೆ ಕ್ಯಾಪೊ ಸರಿಸಲು ಹೊತ್ತಿರುವುದಿಲ್ಲ, ಆದ್ದರಿಂದ ಅದೇ ಹಿಡಿತವನ್ನು ಬೆರಳಿನಿಂದಲೇ ಎರಡು ಫ್ರೆಟ್ ಮೇಲೆ ಒಯ್ಯಬೇಕು. ಎಫ್‌ಗೆ ಬೆವರು ಸುರಿಸಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತಿದೆ. ಗುರುವಾರ ಇಬ್ಬರೂ ಕ್ಲಾಸಿಗೆ ಹೊರಟಿದ್ದೇವೆ, ಅವನ ಮೊಳಕೈಯನ್ನು ಸರ್ ಇನ್ನೊಮ್ಮೆ ನೋಡಬೇಕು.