ಟ್ರಿಪ್, ಜರ್ನಿ, ಟ್ರಾವೆಲ್: ಯಾವಾಗ ಯಾವುದು?

"ಮೂರಕ್ಕೂ ಪ್ರಯಾಣ ಅಂತಲೇ ಅರ್ಥ ಅಲ್ವಾ? ಹಾಗಾದ್ರೆ ಯಾವುದನ್ನು ಎಲ್ಲಿ ಬಳಸಬೇಕು?" ಇಂಗ್ಲಿಷ್ ಪಾಠ ಹೇಳುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ನಿಘಂಟು ತೆಗೆದರೆ ಮೂರರ ಮುಂದೆಯೂ ಪ್ರಯಾಣ, ಪಯಣ, ಪ್ರವಾಸ ಅಂತಲೇ ಇರುತ್ತದೆ. ಹಾಗಾಗಿ ಬರೀ ಅರ್ಥ ನೋಡಿದರೆ ಬಗೆಹರಿಯುವುದಿಲ್ಲ. ನಾನು ಎರಡು ವಿಷಯ ನೋಡಿ ಅನ್ನುತ್ತೇನೆ. ಆ ಪದವನ್ನು ಒಂದು, ಎರಡು ಅಂತ ಎಣಿಸಬಹುದಾ? ನೀವು ಹೇಳಲು ಹೊರಟಿರುವುದು ದಾರಿಯ ಬಗ್ಗೆಯಾ, ಹೋಗಿಬಂದ ಕೆಲಸದ ಬಗ್ಗೆಯಾ?

ಟ್ರಿಪ್ ಪದವನ್ನು ನಮ್ಮ ಹಳ್ಳಿಯ ಟ್ರ್ಯಾಕ್ಟರ್‌ನವರಷ್ಟು ಚೆನ್ನಾಗಿ ಬಳಸುವವರು ಕಡಿಮೆ. "ಹೊಲಕ್ಕೆ ಐದು ಟ್ರಿಪ್ ಗೊಬ್ಬರ ಹೊಡೆದೆ" ಅನ್ನುತ್ತಾರೆ. ತುಂಬಿಕೊಂಡು ಹೋಗಿ, ಸುರಿದು, ವಾಪಸ್ ಬಂದರೆ ಒಂದು ಟ್ರಿಪ್. ಹೋಗುವುದಕ್ಕೆ ಒಂದು ಕಾರಣ ಇದೆ, ವಾಪಸ್ ಬರುವುದೂ ಇದೆ, ಲೆಕ್ಕ ಇಡುವುದಕ್ಕೂ ಆಗುತ್ತದೆ. ಇಂಗ್ಲಿಷ್‌ನವರೂ ಹೆಚ್ಚಾಗಿ ಹೀಗೇ ಬಳಸುತ್ತಾರೆ. ಆಫೀಸ್ ಕೆಲಸದ ಮೇಲೆ ಮುಂಬೈಗೆ ಹೋಗಿಬಂದರೆ ಅದು ಬಿಸಿನೆಸ್ ಟ್ರಿಪ್. ಬಿಸಿನೆಸ್ ಜರ್ನಿ ಅಂತ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಟ್ರಿಪ್ ಒಂದೇ ಕಡೆಯದೂ ಆಗಬಹುದು. ಅದಕ್ಕೇ ಹೋಗಿಬರುವುದು ಎಂದು ಒತ್ತಿ ಹೇಳಬೇಕಾದಾಗ 'ರೌಂಡ್ ಟ್ರಿಪ್' ಅನ್ನುವುದು.

ಜರ್ನಿ ಅಂದರೆ ದಾರಿ. ಒಂದು ಊರಿಂದ ಇನ್ನೊಂದು ಊರು ಮುಟ್ಟುವ ತನಕದ ಹೊತ್ತು, ಸುಸ್ತು, ಕಿಟಕಿ ಪಕ್ಕದ ಸೀಟು, ನಿದ್ದೆಗೆಟ್ಟ ರಾತ್ರಿ ಎಲ್ಲವೂ ಅದರೊಳಗೆ ಬರುತ್ತವೆ. ಫ್ರೆಂಚ್‌ನಿಂದ ಬಂದ ಈ ಪದದ ಮೂಲದಲ್ಲಿ 'ಒಂದು ದಿನ' ಅನ್ನುವ ಅರ್ಥ ಇತ್ತು. ನಮ್ಮ ಹಿರಿಯರು "ಅಲ್ಲಿಗೆ ಒಂದು ದಿನದ ಹಾದಿ" ಅನ್ನುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ.

ಇವೆರಡರ ವ್ಯತ್ಯಾಸ ಕಾಣಬೇಕಾದರೆ ಬೀದರ್‌ನಿಂದ ಬೆಂಗಳೂರಿಗೆ ಮದುವೆಗೆ ಬಂದವರನ್ನು ಮಾತಾಡಿಸಿ. ಅವರು ಬಸ್ ಇಳಿದ ಕೂಡಲೇ "ಹೌ ವಾಸ್ ದ ಜರ್ನಿ?" ಅಂತ ಕೇಳಬೇಕು. ಬಸ್ ಹೇಗಿತ್ತು, ನಿದ್ದೆ ಬಂತಾ ಅಂತ ಅದರ ಅರ್ಥ. ಮದುವೆ ಮುಗಿಸಿ ಊರಿಗೆ ಹೋದ ಮೇಲೆ ಫೋನ್ ಮಾಡಿ "ಹೌ ವಾಸ್ ಯುವರ್ ಟ್ರಿಪ್?" ಅಂದರೆ ಮದುವೆ, ಊಟ, ನೆಂಟರು, ಸುತ್ತಾಟ ಎಲ್ಲವನ್ನೂ ಕೇಳಿದಂತೆ. ಅಮೆರಿಕದವರು ದಾರಿಗೂ ಟ್ರಿಪ್ ಅನ್ನುವುದು ಜಾಸ್ತಿ, ಬ್ರಿಟನ್‌ನವರು ದಿನನಿತ್ಯದ ಟ್ರೇನ್ ಓಡಾಟಕ್ಕೂ ಜರ್ನಿ ಅನ್ನುತ್ತಾರೆ. ಇಷ್ಟು ಗೊತ್ತಿದ್ದರೆ ಕೇಳಿದಾಗ ಗಲಿಬಿಲಿ ಆಗುವುದಿಲ್ಲ.

ಟಿವಿಯಲ್ಲಿ ನಟರನ್ನು "ನಿಮ್ಮ ಸಿನಿಮಾ ಜರ್ನಿ ಹೇಗಿತ್ತು?" ಅಂತ ಕೇಳುತ್ತಾರಲ್ಲ, ಅದೂ ಸರಿಯೇ. ಅಲ್ಲಿಯೂ ಕೇಳುತ್ತಿರುವುದು ನಡೆದು ಬಂದ ಹಾದಿಯನ್ನು.

ಜಾಸ್ತಿ ಎಡವುವುದು ಟ್ರಾವೆಲ್‌ನಲ್ಲಿ. ಅದನ್ನು ನಾಮಪದವಾಗಿ ಬಳಸಿದಾಗ ಎಣಿಸುವಂತಿಲ್ಲ. 'ಎ ಟ್ರಾವೆಲ್', 'ಟೂ ಟ್ರಾವೆಲ್ಸ್' ಎರಡೂ ತಪ್ಪು. "ಐ ಹ್ಯಾಡ್ ಎ ಲಾಂಗ್ ಟ್ರಾವೆಲ್" ಅನ್ನುವುದನ್ನು ದಿನಾ ಕೇಳುತ್ತೇನೆ. ಅಲ್ಲಿ 'ಎ ಲಾಂಗ್ ಜರ್ನಿ' ಬರಬೇಕು. ಟ್ರಾವೆಲ್ ಅಂದರೆ ಒಟ್ಟಾರೆ ಓಡಾಟ, ಯಾವುದೋ ಒಂದು ಸಲದ್ದಲ್ಲ. ಅದಕ್ಕೇ ಅದು 'ಟ್ರಾವೆಲ್ ಏಜೆಂಟ್', 'ಟ್ರಾವೆಲ್ ಅಲೋವೆನ್ಸ್', 'ಏರ್ ಟ್ರಾವೆಲ್' ಇಂಥ ಕಡೆ ಚೆನ್ನಾಗಿ ಕೂರುತ್ತದೆ. 'ಹರ್ ಟ್ರಾವೆಲ್ಸ್' ಅಂತ ಬಹುವಚನ ಬಳಸುವುದುಂಟು. ಆದರೆ ಅದು ಒಬ್ಬರು ಅಲ್ಲಲ್ಲಿ ಸುತ್ತಿದ್ದೆಲ್ಲ ಸೇರಿಸಿ ಹೇಳುವ ಮಾತು, ಎಣಿಕೆ ಅಲ್ಲ. ನಮ್ಮಲ್ಲಿ "ಟ್ರಾವೆಲ್ಸ್‌ನಲ್ಲಿ ಬಂದೆ" ಅಂದರೆ ಖಾಸಗಿ ಬಸ್‌ನಲ್ಲಿ ಬಂದೆ ಅಂತ. ಕನ್ನಡದಲ್ಲಿ ಅದು ಚೆಂದವಾಗಿ ನಡೆಯುತ್ತದೆ, ಇಂಗ್ಲಿಷ್ ಮಾತಾಡುವಾಗ ಮಾತ್ರ ಬಿಡಿ.

ವಾಯೇಜ್ ಮುಖ್ಯವಾಗಿ ಸಮುದ್ರ ಅಥವಾ ಬಾಹ್ಯಾಕಾಶದ ದೂರದ ಪ್ರಯಾಣಕ್ಕೆ. 1912ರಲ್ಲಿ ಟೈಟಾನಿಕ್ ಮುಳುಗಿದ್ದು ಅದರ ಮೊದಲ ವಾಯೇಜ್‌ನಲ್ಲೇ. ಟೂರ್ ಅಂದರೆ ಹಲವು ಜಾಗ ಸುತ್ತಿ ಬರುವುದು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ತೋರಿಸಿಕೊಂಡು ಬರುವ ಸ್ಕೂಲ್ ಟೂರ್ ಹಾಗೆ.

ಇಷ್ಟಾದ ಮೇಲೆ "ಹಾಗಾದ್ರೆ ಹ್ಯಾಪಿ ಜರ್ನಿ ತಪ್ಪಾ?" ಅಂತ ಕೇಳುತ್ತಾರೆ. ತಪ್ಪಲ್ಲ, ಅದು ಭಾರತದ ಇಂಗ್ಲಿಷ್. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ನಾನೂ ಹೇಳುತ್ತೇನೆ. ಲಂಡನ್‌ನಲ್ಲಿರುವ ಸಹೋದ್ಯೋಗಿಗೆ ಮೇಲ್ ಬರೆಯುವಾಗ ಮಾತ್ರ 'ಹ್ಯಾವ್ ಎ ಸೇಫ್ ಜರ್ನಿ' ಅಥವಾ 'ಹ್ಯಾವ್ ಎ ಗುಡ್ ಟ್ರಿಪ್' ಅಂತ ಬರೆಯಿರಿ.