ಹಿಕ್ಕೆಯಲ್ಲಿ ಕಾಣದ ಹುಳು

ವಲಸೆ ಬಂದ ಕಡಲತೀರದ ಹಕ್ಕಿ ಚಳಿಗಾಲವಿಡೀ ಏನು ತಿಂದು ಬದುಕುತ್ತದೆ ಎಂದು ತಿಳಿಯಲು ಹಿಕ್ಕೆ ಹೆಕ್ಕುವುದೇ ಸುಲಭದ ದಾರಿ. ಹಕ್ಕಿಗೂ ತೊಂದರೆಯಿಲ್ಲ. ಆದರೆ ಅದೊಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ.

ಒಂದೇ ಜಾತಿಯ ಹಿಂಡು ಎದ್ದುಹೋದ ಜಾಗದಿಂದಲೇ ಹಿಕ್ಕೆ ತೆಗೆಯಬೇಕು; ಹಲವು ಜಾತಿಗಳು ಬೆರೆತು ಕೂತ ಕಡೆ ಯಾರದ್ದು ಯಾವುದೆಂದು ಹೇಳಲಾಗದು. ಸೂಕ್ಷ್ಮದರ್ಶಕದಡಿ ಸಿಗುವುದು ಗಟ್ಟಿ ಚೂರುಗಳು: ಏಡಿಯ ಕವಚ, ಚಿಪ್ಪಿನ ಕೀಲು, ನೀರೀಸ್ ಎಂಬ ಕಡಲ ಹುಳುವಿನ ಕೊಕ್ಕೆಯಂಥ ಕಪ್ಪು ದವಡೆ. ಒಂದು ಹುಳುವಿಗೆ ಎರಡು ದವಡೆ. ಎಡ, ಬಲ ಬೇರೆಬೇರೆ ಎಣಿಸಿ, ಯಾವ ಕಡೆಯದು ಹೆಚ್ಚಿದೆಯೋ ಅಷ್ಟು ಹುಳು ಎಂದು ಹಿಡಿಯಬೇಕು. ದವಡೆಯ ಅಳತೆಯಿಂದ ಹುಳುವಿನ ಗಾತ್ರವನ್ನೂ ಅಂದಾಜಿಸಬಹುದು. ಅದಕ್ಕೆ ಹಕ್ಕಿ ಮೇಯುವ ಅದೇ ಕೆಸರಿನ ಹುಳುಗಳನ್ನು ಮೊದಲೇ ಅಳೆದಿಟ್ಟಿರಬೇಕು. ದವಡೆಯಿಲ್ಲದ ಮೆದು ಹುಳುಗಳು ಮಾತ್ರ ಹೆಚ್ಚುಕಡಿಮೆ ಗುರುತೇ ಉಳಿಸದೆ ಕರಗಿಹೋಗುತ್ತವೆ. ಕರ್ಲ್ಯೂ ಎಂಬ ಉದ್ದ ಬಾಗುಕೊಕ್ಕಿನ ಹಕ್ಕಿ ಏಡಿಯ ಕಾಲುಗಳನ್ನು ಕೊಡವಿ ಉದುರಿಸಿ ಮೈಯಷ್ಟೇ ನುಂಗುವುದುಂಟು, ಗಟ್ಟಿ ಭಾಗವನ್ನು ಉಂಡೆಯಾಗಿ ಉಗುಳುವುದೂ ಉಂಟು. ಆ ಉಂಡೆಗಳನ್ನು ಬಿಟ್ಟರೆ ಏಡಿಯ ಪಾಲು ಕಡಿಮೆ ಕಾಣುತ್ತದೆ.

ಹಾಗಾಗಿ ಕೆಸರನ್ನೂ ನೋಡಲೇಬೇಕು. ಕೊಳವೆ ಒತ್ತಿ ತೆಗೆದ ಕೆಸರನ್ನು 1 ಮಿ.ಮೀ. ಜರಡಿಯಲ್ಲಿ ತೊಳೆಯುತ್ತಾರೆ. ರೆಡ್ ನಾಟ್ ಎಂಬ ಕಡಲತೀರದ ಹಕ್ಕಿಯ ಕೊಕ್ಕು ಸುಮಾರು 3.5 ಸೆಂ.ಮೀ.; ಆದ್ದರಿಂದ ಮೇಲಿನ 4 ಸೆಂ.ಮೀ. ಪದರವನ್ನು ಬೇರೆಯಾಗಿಯೇ ತೊಳೆಯಬೇಕು. ಎಲ್ಲವನ್ನೂ ಒಟ್ಟಿಗೆ ಜರಡಿ ಹಿಡಿದರೆ ಕೊಕ್ಕಿಗೆ ಎಟುಕದ ಚಿಪ್ಪುಗಳೂ ಆಹಾರದ ಲೆಕ್ಕಕ್ಕೆ ಸೇರಿಬಿಡುತ್ತವೆ.

ಎಟುಕಿದ್ದೆಲ್ಲ ಊಟವೂ ಅಲ್ಲ. ರೆಡ್ ನಾಟ್ ಚಿಪ್ಪುಜೀವಿಯನ್ನು ಇಡಿಯಾಗಿ ನುಂಗಿ, ಗಿಜರ್ಡಿನ, ಅಂದರೆ ಆಹಾರ ಅರೆಯುವ ಹೊಟ್ಟೆಯ ಭಾಗದ, ಸ್ನಾಯುಬಲದಿಂದ ಪುಡಿಮಾಡುತ್ತದೆ. ದಪ್ಪ ಚಿಪ್ಪು, ತೆಳು ಮಾಂಸವಾದರೆ ಹೊಟ್ಟೆ ತುಂಬಿದರೂ ಶಕ್ತಿ ಸಾಲದು. ಪಶ್ಚಿಮ ಆಫ್ರಿಕಾದ ಮಾರಿಟೇನಿಯದ ಬಾಂಕ್ ದಾರ್ಗ್ಯಾಂ ಎಂಬ ಕಡಲತೀರದ ಕೆಸರಿನಲ್ಲಿ ಲೋರಿಪೀಸ್ ಎಂಬ ಚಿಪ್ಪುಜೀವಿ ಹೇರಳ, ಚಿಪ್ಪೂ ತೆಳು. ಆದರೆ ಅದರೊಳಗಿನ ಗಂಧಕದಿಂದ ಹಕ್ಕಿಗೆ ಭೇದಿಯಾಗುತ್ತದೆ, ಮೈಯ ನೀರು ಹೋಗುತ್ತದೆ. ಹಾಗಾಗಿ ಅದನ್ನು ಮಿತವಾಗಿ ತಿಂದು, ಡೋಸಿನಿಯಾದಂಥ ದಪ್ಪ ಚಿಪ್ಪಿನವನ್ನೂ ಬೆರೆಸಿಕೊಳ್ಳುತ್ತದೆ. ಕೆಸರಿನ ಎಣಿಕೆಯೊಂದನ್ನೇ ನೋಡಿದವರಿಗೆ ಈ ಮಿತಿ ಹೊಳೆಯುವುದೇ ಇಲ್ಲ. ಹಿಕ್ಕೆ, ಕೆಸರು ಎರಡನ್ನೂ ಎದುರುಬದುರು ಇಟ್ಟು ನೋಡಬೇಕು ಎನ್ನುವುದು ಇದಕ್ಕೇ.

ಇನ್ನು ರಾತ್ರಿ. ಕೆಸರು ಬಯಲಾಗುವ ಕಡಲಿನ ಇಳಿತ ಕತ್ತಲಲ್ಲಿ ಬಂದರೂ ಹಕ್ಕಿ ಮೇಯುತ್ತದೆ. ದೊಡ್ಡ ಕಣ್ಣಿನ ಪ್ಲೋವರ್ ಆಗಲೂ ನೋಡಿಯೇ ಹಿಡಿದರೆ, ಸ್ಯಾಂಡ್‌ಪೈಪರ್ ಕೊಕ್ಕಿನ ತುದಿಯ ಸ್ಪರ್ಶವನ್ನು ನೆಚ್ಚುತ್ತದೆ. ಹಗಲಷ್ಟೇ ದೂರದರ್ಶಕ ಹಿಡಿದು ಬರೆದ ಮೆನು ಅರ್ಧ ಮೆನು.