ಗುರುವಾರ ಬನ್ನಿ ಅಂದಿದ್ದೆ

ಸಾಗರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಎರಡು ಮೆಷಿನ್, ಒಂದು ಇಸ್ತ್ರಿ ಟೇಬಲ್, ಬಂದವರು ಕೂರಲು ಒಂದು ಸ್ಟೂಲ್. ಗೋಡೆಯ ಕ್ಯಾಲೆಂಡರಿನಲ್ಲಿ ದೇವರ ಪಟ ಇರುವ ಜಾಗದಲ್ಲಿ ಸತ್ಯವೇದದ ಒಂದು ವಾಕ್ಯ ಇದೆ. ಹೊಸ ಗಿರಾಕಿಗಳು ಅದನ್ನೊಮ್ಮೆ ನೋಡಿ, ನನ್ನ ಹಣೆಯನ್ನೊಮ್ಮೆ ನೋಡಿ, "ಓ, ನೀವು ಕ್ರಿಶ್ಚಿಯನ್ನರಾ" ಅನ್ನುತ್ತಾರೆ. ಹೌದು ಅನ್ನುತ್ತೇನೆ. ಆಮೇಲೆ ತೋಳಿನ ಉದ್ದ ಎಷ್ಟಿರಲಿ ಅಂತ ಮಾತು ಮುಂದುವರಿಯುತ್ತದೆ.

ನಮ್ಮ ಅಜ್ಜ ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಕೂಲಿಗೆ ಬಂದವರು. 1964ರಲ್ಲಿ ಅಣೆಕಟ್ಟಿನ ಕೆಲಸ ಮುಗಿಯಿತು, ಅಜ್ಜ ಇಲ್ಲೇ ಉಳಿದರು. ಹಾಗಾಗಿ ನಾನು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲಾ ಸಾಗರವೇ. ನಮ್ಮ ಚರ್ಚಿನ ಸಭೆಯಲ್ಲಿ ಚಿಕ್ಕಂದಿನಿಂದ ಕೇಳಿದ ಮಾತು "ಬೇರ್ಪಟ್ಟ ಜೀವಿತ". ಲೋಕದಲ್ಲಿ ಇರಬೇಕು, ಲೋಕದವರ ಹಾಗೆ ಇರಬಾರದು. ಹೇಳೋದು ಸುಲಭ. ನಮ್ಮೂರಲ್ಲಿ ಇದರ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಮಾರಿಕಾಂಬಾ ಜಾತ್ರೆಯ ರೂಪದಲ್ಲಿ.

ಜಾತ್ರೆ ಅಂದರೆ ಟೈಲರ್‌ಗಳಿಗೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂಬತ್ತು ದಿನದ ಜಾತ್ರೆ. ಅಮ್ಮನವರಿಗೆ ತವರುಮನೆ ಬೇರೆ, ಗಂಡನ ಮನೆ ಬೇರೆ, ಎರಡೂ ಊರೊಳಗೇ. ಊರಿನ ಹೆಣ್ಣುಮಕ್ಕಳೂ ಆಗ ತವರಿಗೆ ಬರುತ್ತಾರೆ. ಎಲ್ಲರ ಮನೆಯಲ್ಲೂ ನೆಂಟರು. ಎಲ್ಲರಿಗೂ ಹೊಸ ಸೀರೆ, ಎಲ್ಲ ಸೀರೆಗೂ ಬ್ಲೌಸ್. ಎರಡು ತಿಂಗಳು ಮುಂಚಿನಿಂದಲೇ ನನಗೆ ಊಟಕ್ಕೆ ಪುರುಸೊತ್ತಿರುವುದಿಲ್ಲ.

2023ರ ಜಾತ್ರೆಗೆ ಮುಂಚೆ ಒಬ್ಬರು ಹಸಿರು ರೇಷ್ಮೆ ಸೀರೆ ತಂದರು. ಹರಕೆ ಸೀರೆ. "ಅಮ್ಮನಿಗೆ ಒಪ್ಪಿಸೋದು, ಚೆನ್ನಾಗಿ ಕುಚ್ಚು ಕಟ್ಟಿ ಕೊಡಿ" ಅಂದರು. ನನಗೆ ಎದೆ ಡವಡವ. ಆ ಸೀರೆ ಅವರು ಉಡುವುದಾಗಿದ್ದರೆ ಕೇಳದೆ ಕಟ್ಟುತ್ತಿದ್ದೆ. ಪೂಜೆಗೆ ಅಂತ ಗೊತ್ತಿದ್ದೂ ಕಟ್ಟುವುದಕ್ಕೆ ಮನಸ್ಸು ಬರಲಿಲ್ಲ. "ಬೇಜಾರು ಮಾಡ್ಕೋಬೇಡಿ, ಇದು ನನ್ನಿಂದ ಆಗಲ್ಲ, ಮುಂದಿನ ಓಣಿಯಲ್ಲಿ ಇನ್ನೂ ಚೆನ್ನಾಗಿ ಕಟ್ಟುತ್ತಾರೆ" ಅಂದೆ. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ನಿಮ್ಮ ಪದ್ಧತಿ ನಿಮಗೆ ಬಿಡಿ" ಅಂತ ಚೀಲ ಮಡಚಿಕೊಂಡು ಹೋದರು.

ಆ ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ನಾನು ಇದನ್ನೇ ಸಾಕ್ಷಿ ಹೇಳಿದೆ. ಎಲ್ಲರೂ ಆಮೆನ್ ಅಂದರು. ನನಗೂ ಒಳಗೊಳಗೇ ಖುಷಿ.

ಜಾತ್ರೆ ಶುರುವಾಗುವ ದಿನ ಬೆಳಗ್ಗೆ ಹೂವಿನ ಅಂಗಡಿಯಾಕೆ ಬಂದರು. ಮಗಳ ಬ್ಲೌಸ್ ಕೊಟ್ಟಿದ್ದರು. ಗುರುವಾರ ಬನ್ನಿ ಅಂದಿದ್ದೆ. ಗುರುವಾರ ಬಂದಾಗ ಶನಿವಾರ ಅಂದೆ. ಶನಿವಾರ ಬಂದಾಗ "ಕಟಿಂಗ್ ಆಗಿದೆ, ಹೊಲಿಯೋದೊಂದೇ ಬಾಕಿ" ಅಂದೆ. ಕಟಿಂಗೂ ಆಗಿರಲಿಲ್ಲ. ಬಟ್ಟೆ ಅವರು ಕೊಟ್ಟ ಕವರಿನಲ್ಲೇ, ಟೇಬಲ್ ಕೆಳಗೆ, ಹಾಗೇ ಇತ್ತು. ಮೂರನೇ ಸಲ ಬಂದವರು ಕೂಗಾಡಲಿಲ್ಲ. ಸ್ಟೂಲ್ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಹೇಳಿದ್ದು ಇಷ್ಟು: "ಅಮ್ಮನ ಸೀರೆಗೆ ಕುಚ್ಚು ಕಟ್ಟಲ್ಲ ಅಂತ ನೇರ ಹೇಳಿದ್ರಂತೆ. ಹಾಗೇ ನಂಗೂ ಗುರುವಾರ ಆಗಲ್ಲ ಅಂತ ಹೇಳಬಹುದಿತ್ತಲ್ವಾ?"

ಮಗಳು ಹಳೇ ಬ್ಲೌಸಿನಲ್ಲೇ ಜಾತ್ರೆಗೆ ಹೋದಳು.

ಅವತ್ತು ರಾತ್ರಿ ಅಳತೆ ಪುಸ್ತಕ ತೆಗೆದು ನೋಡಿದೆ. ಆ ಒಂದು ಗುರುವಾರಕ್ಕೆ ನಾನು ಒಪ್ಪಿಕೊಂಡಿದ್ದು ಹತ್ತೊಂಬತ್ತು ಬ್ಲೌಸ್. ಲೈನಿಂಗ್ ಇರುವ ಬ್ಲೌಸ್ ಆದರೆ, ಕರೆಂಟ್ ಕೈಕೊಡದಿದ್ದರೆ, ದಿನಕ್ಕೆ ಐದು ಮುಗಿಸಬಲ್ಲೆ. ಆರು ಅಂದರೆ ಹೆಚ್ಚು. ಅಂದರೆ ತಾರೀಕು ಬರೆಯುವಾಗಲೇ ನನಗೆ ಗೊತ್ತಿತ್ತು. ಗಿರಾಕಿ ಬೇರೆ ಕಡೆ ಹೋಗಬಾರದು, ಅಷ್ಟೇ. ಟೈಲರ್ ಹೇಳುವ ತಾರೀಕನ್ನು ಯಾರೂ ನಂಬಲ್ಲ ಅಂತ ತಮಾಷೆ ಮಾಡುತ್ತಾರಲ್ಲ, ಆ ತಮಾಷೆಯ ಹಿಂದೆ ನಾನೂ ಅಡಗಿಕೊಂಡಿದ್ದೆ. ನಿಮ್ಮ ಮಾತು ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎಂದಿರಲಿ ಅಂತ ಯೇಸು ಬೆಟ್ಟದ ಮೇಲೆ ಹೇಳಿದ್ದನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಬಾಯಿಪಾಠ ಮಾಡಿಸಿದ್ದೇನೆ!

ಕುಚ್ಚು ಕಟ್ಟದೆ ಇದ್ದದ್ದು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸಿಲ್ಲ. ಆದರೆ ಅದರಿಂದ ನನಗೆ ನಷ್ಟ ಆಗಿದ್ದು ಕುಚ್ಚಿನ ಕೂಲಿ ಮಾತ್ರ. ಗುರುವಾರ ಆಗಲ್ಲ ಅಂದಿದ್ದರೆ ಜಾತ್ರೆಯ ಅರ್ಧ ಗಿರಾಕಿಗಳೇ ಹೋಗುತ್ತಿದ್ದರು. ಬೇರ್ಪಟ್ಟವಳು ಅನ್ನಿಸಿಕೊಳ್ಳೋದನ್ನು ನಾನು ಎಷ್ಟು ಅಗ್ಗದಲ್ಲಿ ಮುಗಿಸಿದ್ದೆ ನೋಡಿ.

ಈ ಲೆಕ್ಕಾಚಾರ ಹಳೆಯದೇ. ಸುಮಾರು 200ನೇ ಇಸವಿಯ ಹೊತ್ತಿಗೆ ಆಫ್ರಿಕಾದ ಕಾರ್ಥೇಜಿನಲ್ಲಿ ಟೆರ್ಟುಲಿಯನ್ ಅಂತ ಒಬ್ಬ ಕ್ರೈಸ್ತ ಬರಹಗಾರ ಇದ್ದ. ಒಂದು ಕಡೆ ಅವನು ರೋಮಿನವರಿಗೆ ಹೇಳುತ್ತಾನೆ: ನಾವೂ ನಿಮ್ಮ ಸಂತೆಗೆ ಬರುತ್ತೇವೆ, ನಿಮ್ಮ ಜೊತೆ ಹಡಗು ಹತ್ತುತ್ತೇವೆ, ಹೊಲ ಉಳುತ್ತೇವೆ, ನಾವೇನು ಕಾಡು ಸೇರಿದವರಲ್ಲ ಅಂತ. ಇನ್ನೊಂದು ಕಡೆ ಅವನೇ ಮೂರ್ತಿ ಕೆತ್ತುವ ಕ್ರೈಸ್ತನಿಗೆ, ದೇವರನ್ನು ಕೆತ್ತಬಲ್ಲವನಿಗೆ ಬೀರು ಮಾಡೋದೇನು ಕಷ್ಟ, ಅದನ್ನೇ ಮಾಡು ಅನ್ನುತ್ತಾನೆ. ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗುಡಿಗಾರರ ಕೈಯಲ್ಲಿ ಗಂಧದ ಗಣಪತಿಯೂ ಆಗುತ್ತದೆ, ಒಡವೆ ಪೆಟ್ಟಿಗೆಯೂ ಆಗುತ್ತದೆ. ಪಾಸ್ಟರ್ ಇದನ್ನು ಹೇಳಿದಾಗ ನನ್ನ ಕುಚ್ಚಿಗೆ ಒಳ್ಳೇ ಬೆಂಬಲ ಸಿಕ್ಕಿತು ಅಂದುಕೊಂಡೆ. ಸಂತೆಯ ಮಾತು ಕಿವಿಗೆ ಬಿದ್ದಿರಲಿಲ್ಲ.

ನನಗೆ ಅವನಿಗಿಂತ ಬೈಬಲಿನ ನಾಮಾನನ ಕಥೆ ಜಾಸ್ತಿ ಹತ್ತಿರ. ಅರಾಮಿನ ಸೇನಾಪತಿ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಕುಷ್ಠ ವಾಸಿ ಮಾಡಿಕೊಂಡವನು. ಇನ್ನು ಮೇಲೆ ಇಸ್ರಾಯೇಲಿನ ದೇವರೊಬ್ಬನೇ ಅಂದ. ಆದರೆ ಊರಿಗೆ ಹೋದ ಮೇಲೆ ರಾಜ ಅವನ ಕೈ ಹಿಡಿದುಕೊಂಡೇ ರಿಮ್ಮೋನನ ಗುಡಿಯಲ್ಲಿ ಬಗ್ಗುತ್ತಾನೆ, ಇವನೂ ಬಗ್ಗಬೇಕು. ಇದೊಂದನ್ನು ಕ್ಷಮಿಸಲಿ ಅಂತ ಕೇಳಿಕೊಂಡ. ಇಸ್ರಾಯೇಲಿನ ಪ್ರವಾದಿ ಎಲೀಷ ಉಪದೇಶ ಮಾಡಲಿಲ್ಲ, ಸಮಾಧಾನದಿಂದ ಹೋಗು ಅಂದ. ನನಗೆ ಇಷ್ಟವಾಗೋದು ನಾಮಾನ ಕೇಳಿದ ಇನ್ನೊಂದು ವಸ್ತು: ಎರಡು ಹೇಸರಗತ್ತೆ ಹೊರುವಷ್ಟು ಇಸ್ರಾಯೇಲಿನ ಮಣ್ಣು. ನಮ್ಮ ಕಡೆ ಅಡಿಕೆ ತೋಟಕ್ಕೆ ಬೇರೆ ಕಡೆಯಿಂದ ಮಣ್ಣು ಹೊಡೆಸುತ್ತಾರಲ್ಲ, ಹಾಗೆ. ತನ್ನ ಊರಲ್ಲೇ ಇರುವುದಕ್ಕೆ, ರಾಜನ ಕೆಲಸವನ್ನೇ ಮಾಡುವುದಕ್ಕೆ ಹೋದ. ಕಾಲ ಕೆಳಗಿನ ಮಣ್ಣನ್ನಷ್ಟೇ ಬದಲಾಯಿಸಿಕೊಂಡ.

ಸಭೆಯಲ್ಲಿ ಕೆಲವರು ನನಗಿಂತ ಬಿಗಿ. ಹಬ್ಬದ ದಿನ ಪಕ್ಕದ ಮನೆಯ ಹೊಸಿಲೂ ತುಳಿಯುವುದಿಲ್ಲ. ಅವರ ಮನಸ್ಸಾಕ್ಷಿ ಅವರದು. ನನಗೆ ಅದು ಆಗಲ್ಲ. ಪಕ್ಕದ ಮನೆಯವರು ಗಣೇಶನ ಹಬ್ಬದಲ್ಲಿ ನೈವೇದ್ಯಕ್ಕೆ ಮುಂಚೆಯೇ ಒಂದು ಡಬ್ಬಿ ಕಡುಬು ನಮಗೆ ಅಂತ ತೆಗೆದಿಡುತ್ತಾರೆ. ನಾವು ಕೇಳಿಲ್ಲ. ನಾವು ಪ್ರಸಾದ ತಿನ್ನಲ್ಲ ಅಂತ ಗೊತ್ತಾದ ವರ್ಷದಿಂದ ಅವರಾಗಿಯೇ ಶುರು ಮಾಡಿದ್ದು. ಕ್ರಿಸ್ಮಸ್‌ಗೆ ನಾನು ಅವರಿಗೆ ಮೊಟ್ಟೆ ಹಾಕದ ಕೇಕ್ ಬೇರೆಯಾಗಿ ಮಾಡುತ್ತೇನೆ. ಅದು ಸ್ವಲ್ಪ ಗಟ್ಟಿ ಆಗುತ್ತದೆ, ಪಾಪ ಏನೂ ಹೇಳದೆ ತಿನ್ನುತ್ತಾರೆ.

ಈಗ ದಿನಕ್ಕೆ ಐದಕ್ಕಿಂತ ಹೆಚ್ಚು ಬ್ಲೌಸಿಗೆ ತಾರೀಕು ಬರೆಯುವುದಿಲ್ಲ. ಗಿರಾಕಿಗಳು ಹೋದರು, ಹೌದು. ಕೆಲವರು ವಾಪಸ್ ಬಂದರು, ಕೆಲವರು ಬರಲಿಲ್ಲ. ಸೀಸನ್ನಿನಲ್ಲಿ "ಆಗಲ್ಲ" ಅನ್ನುವಾಗ ಈಗಲೂ ನಾಲಿಗೆ ತಡವರಿಸುತ್ತದೆ.

ಹೂವಿನ ಅಂಗಡಿಯಾಕೆ ಎಷ್ಟೋ ತಿಂಗಳ ಮೇಲೆ ಮತ್ತೆ ಒಂದು ಬ್ಲೌಸ್ ಪೀಸ್ ತಂದರು. "ಗುರುವಾರಾನಾ?" ಅಂತ ನಕ್ಕರು.

"ಇಲ್ಲ, ಸೋಮವಾರ. ಬೆಳಗ್ಗೆ ಬೇಡ, ಸಂಜೆ ಬನ್ನಿ."

ಸೋಮವಾರ ಮಧ್ಯಾಹ್ನ ಮೂರಕ್ಕೇ ಬಂದುಬಿಟ್ಟರು. "ಸಂಜೆ ಅಂದಿದ್ದೆನಲ್ಲ" ಅಂದೆ.

"ಗೊತ್ತು. ನಂಬಿಕೆ ಬರ್ಲಿಲ್ಲ, ನೋಡೋಣ ಅಂತ ಬಂದೆ" ಅಂದು ಸ್ಟೂಲ್ ಎಳೆದುಕೊಂಡರು. ಹುಕ್ ಹಾಕುವುದೊಂದೇ ಬಾಕಿ ಇತ್ತು. ಈ ಸಲ ನಿಜವಾಗಿಯೂ ಅದೊಂದೇ. ಬ್ಲೌಸ್ ಎತ್ತಿ ತೋರಿಸಿದೆ. ಅವರು ಒಳಗಿನ ಹೊಲಿಗೆಯನ್ನೂ ತಿರುವಿ ನೋಡಿ, ವಾಪಸ್ ಕೊಟ್ಟು, ಕೊನೆಯ ಹುಕ್ ಹಾಕುವ ತನಕ ಅಲ್ಲೇ ಕೂತಿದ್ದರು.